‘ಹಕುನಾ’ ಎಂಬ ಮಾತಿಗೆ ನೀವು ಬಳಿದ ಹಸಿರು

ಕೌಂಟಿಯ ಮುಕ್ತ ಮಾಹಿತಿ ವಿಭಾಗದ ಮಾನ್ಯ ನಿರ್ದೇಶಕರೇ,

ನಿಮ್ಮ ಜಾಲತಾಣದ ಹೊಸ ನೀರಿನ ನಕ್ಷೆಯಲ್ಲಿ ನಮ್ಮ ಮ್ವೆಂಬೇನಿ ಊರಿನಲ್ಲಿ ಪಂಪಿಗೊಂದರಂತೆ ಇಟ್ಟ ಚುಕ್ಕಿಗಳೆಲ್ಲ ಹಸಿರಾಗಿವೆ. ಹಸಿರೆಂದರೆ ತೊಂದರೆಯಿಲ್ಲ ಎಂದು ಪಕ್ಕದಲ್ಲೇ ಬರೆದಿದ್ದೀರಿ. ನಮ್ಮ ಹದಿನೇಳು ಕೈಪಂಪುಗಳಲ್ಲಿ ಹದಿನಾಲ್ಕರಿಂದ ಡಿಸೆಂಬರ್‌ನಿಂದೀಚೆಗೆ ಹನಿ ನೀರು ಬಂದಿಲ್ಲ. ಕೊಳವೆಬಾವಿ ಕೊರೆಯುವ ಯಂತ್ರ ಈ ಬೇಸಿಗೆಯಲ್ಲಿ ಕೆಂಪು ಚುಕ್ಕಿಗಳಿರುವ ಊರಿಗೆ ಮಾತ್ರ ಹೋಗುತ್ತದೆ; ಊರುಗಳ ಪಟ್ಟಿ ಇದೇ ಫೆಬ್ರವರಿ ಇಪ್ಪತ್ತಕ್ಕೆ ಅಂತಿಮವಾಗುತ್ತದೆ. ಹಸಿರು ಬಳಿಸಿಕೊಂಡ ನಾವು ಎಲ್ಲಿಗೆ ಹೋಗಬೇಕು?

ಈ ಹಸಿರು ಎಲ್ಲಿಂದ ಬಂತೆಂದು ನನಗೆ ಗೊತ್ತು. ನಿಮ್ಮ ಕಚೇರಿಗಾಗಿ ನಾವು ಮಾಡಿದ ಪಂಪುಗಳ ಸಮೀಕ್ಷೆಯ ನಮೂನೆ ಬರೆದವಳು ನಾನೇ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಇಂಗ್ಲಿಷಿನಲ್ಲೇ ಯೋಚಿಸಿ ಸ್ವಾಹಿಲಿಗೆ ತಂದೆ: ‘ಪಂಪಿನ ತೊಂದರೆ ಏನು?’ ಹೆಂಗಸರು ಬರೆಸಿದ ಉತ್ತರ ‘ಹಕುನಾ’. ಅಂದರೆ, ಇಲ್ಲ. ಖಾಲಿ ಕ್ಯಾನು ಹಿಡಿದು ಪಂಪಿನ ಮುಂದೆ ನಿಂತವರು ನೀರಲ್ಲದೆ ಇನ್ನೇನು ಇಲ್ಲವೆಂದು ಹೇಳಿಯಾರು? ನಿಮ್ಮ ಕಚೇರಿ ಅದನ್ನು ‘ತೊಂದರೆ ಇಲ್ಲ’ ಎಂದು ಓದಿತು.

ಒಂದೇ ಮಾತಿನ ಉತ್ತರ ಸಾಲದೆಂಬ ಅಳುಕು ಬರೆದುಕೊಳ್ಳುವಾಗಲೇ ನನಗೆ ಬಂತು. ಅದಕ್ಕೇ ಪಕ್ಕದಲ್ಲಿ ಷರಾ ಕಾಲಂ ಇಟ್ಟು ಅವರ ಮಾತನ್ನು ಇದ್ದ ಹಾಗೇ ಬರೆದೆವು. ನ್ಯೆವು ಅಜ್ಜಿಯ ಷರಾ ಇದು: “ಹಿಡಿ ಒತ್ತಿದ್ರೆ ಕಪ್ಪೆ ಕೂಗಿದ ಹಾಗೆ ಸದ್ದು. ಕಪ್ಪೆಗೂ ಕುಡಿಯೋಕೆ ಏನೂ ಸಿಗಲ್ಲ.”

ಇಷ್ಟನ್ನು ಹೇಳಿಸಲು ನಾನು ಪಟ್ಟ ಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ಕಾಡ್ಜೊ, ಏಳು ತಿಂಗಳ ಬಸುರಿ, ಮೊದಲು ನಮೂನೆಯನ್ನೇ ಪಕ್ಕಕ್ಕೆ ತಳ್ಳಿದಳು. “ಬರ್ಕೊಂಡು ಹೋದೋರು ಬೇಕಾದಷ್ಟು ಜನ, ಟೀಚರ್. ನೀರು ತಂದೋರು ಯಾರು?” ಎಂದಳು. “ಈ ಸಲ ನಾನಿದ್ದೀನಲ್ಲ” ಎಂದೆ. ನಾನು ಹಾಗೆನ್ನಲು ನೀವೇ ಕಾರಣ. ನೀವು ನಮ್ಮ ಶಾಲೆಗೆ ಬಂದು, ಎಳನೀರು ಕುಡಿದು, “ನಿಮ್ಮ ಮಾತೇ ನಮ್ಮ ಮಾಹಿತಿ, ಒಂದಕ್ಷರವೂ ಬಿಡೋದಿಲ್ಲ ತಾಯಂದಿರೇ” ಎಂದಿದ್ದಿರಿ. ನಾನು ನಂಬಿದೆ. ನನ್ನನ್ನು ಅವರು ನಂಬಿದರು.

ಜಾಲತಾಣದ ಕಡತದಲ್ಲಿ ಷರಾ ಕಾಲಮ್ಮೇ ಇಲ್ಲ. ಫೋನ್ ಮಾಡಿದರೆ ನಿಮ್ಮ ಗುಮಾಸ್ತರು, “ಮೇಡಂ, ಅದು ಬಹಳ ಗಲೀಜಾಗಿತ್ತು. ಒಂದೊಂದು ಸಾಲಲ್ಲಿ ಒಂದೊಂದು ಥರ. ಕ್ಲೀನ್ ಮಾಡಿದ್ವಿ” ಎಂದರು. ತಿದ್ದುವುದು ಹೇಗೆಂದು ಕೇಳಿದೆ. “ನಮ್ಮ ತಾಣದಲ್ಲಿರೋ ಮಾಹಿತಿಯನ್ನೇ ಆಧಾರವಾಗಿ ಲಗತ್ತಿಸಿ, ಅರ್ಜಿ ಹಾಕಿ.” ಎಂಥ ಮುಕ್ತ ಮಾಹಿತಿ! ನೀವು ಕಿತ್ತುಹಾಕಿದ್ದನ್ನು ನೀವು ಕಿತ್ತುಹಾಕಿದ ಜಾಗದಿಂದಲೇ ನಾನು ಹುಡುಕಿ ತರಬೇಕು.

ಶನಿವಾರ ಹೆಂಗಸರಿಗೆ ನಕ್ಷೆ ತೋರಿಸಿದೆ. ತೋರಿಸದೆ ಇರುವ ಯೋಚನೆಯೂ ಬಂದಿತ್ತು, ಸುಳ್ಳು ಹೇಳಲಾರೆ. ನ್ಯೆವು ಅಜ್ಜಿ ನನ್ನ ಫೋನನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು.

“ಒಳಗೆ ಸದ್ದೇ ಇಲ್ವಲ್ಲೇ. ಈ ಹಸಿರು ಚುಕ್ಕಿ ಹಿಂಡಿದ್ರೆ ಎಷ್ಟು ಕ್ಯಾನು ಬರತ್ತೆ?”

ಎಲ್ಲರೂ ನಕ್ಕರು. ಕಾಡ್ಜೊ ನಗಲಿಲ್ಲ. ಅವಳು ದಿನಕ್ಕೆರಡು ಸಲ ಉಪ್ಪುನೀರಿನ ಬಾವಿಗೆ ಒಂದು ಗಂಟೆ ನಡೆಯುತ್ತಾಳೆ. ಪ್ರಶ್ನೆಯೇ ತಪ್ಪಿತ್ತು, ಅದು ನನ್ನದು ಎಂದು ಅವರ ಮುಂದೆ ಹೇಳಿದೆ. “ಸರಿ, ನೀವು ಒಪ್ಕೊಂಡ್ರಿ ಟೀಚರ್,” ಎಂದಳು ಕಾಡ್ಜೊ. “ಆ ದೊಡ್ಡೋರು?”

ನಕ್ಷೆಯ ಬಣ್ಣವನ್ನು ಯಾರೋ ಒಬ್ಬರು ಕೂತು ತೀರ್ಮಾನಿಸುತ್ತಾರೆ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಅದು. ಅದಕ್ಕಿಂತ ಹೆಚ್ಚಿನದೆಂದು ನನಗೆ ಯಾಕೆ ಅನ್ನಿಸಿರಲಿಲ್ಲ? ಪ್ರಶ್ನೆ ಕೆಡಿಸಿದ್ದು ನನ್ನ ಅಜ್ಞಾನ. ಷರಾ ಅಳಿಸಿದ್ದಕ್ಕೆ ಹೆಸರೇನೆಂದು ನೀವೇ ಹೇಳಿ.

ಇಪ್ಪತ್ತರೊಳಗೆ ಷರಾ ಕಾಲಂ ಮರಳಿ ಹಾಕಿ. ಹದಿನಾಲ್ಕು ಚುಕ್ಕಿಗಳನ್ನು ಕೆಂಪು ಮಾಡಿ. ಮೂಲ ನಮೂನೆಗಳು ನನ್ನ ಬಳಿ ಇವೆ. ಯಾವ ದಿನ ಕರೆದರೂ ತರುತ್ತೇನೆ. ಅದು ನಿಮ್ಮಿಂದ ಆಗದಿದ್ದರೆ, ನಕ್ಷೆಯ ಅಡಿಯಲ್ಲಿ ‘ಮಾಹಿತಿ ನೀಡಿದವರು: ಮ್ವೆಂಬೇನಿಯ ಮಹಿಳೆಯರು’ ಎಂದಿರುವ ಸಾಲನ್ನಾದರೂ ಅಳಿಸಿ. ಆ ಹಸಿರನ್ನು ಅವರು ಹೇಳಿಲ್ಲ.

ಇಂತಿ,
ನಿಮ್ಮ ಪರವಾಗಿ ಮಾತು ಕೊಟ್ಟು ಸಿಕ್ಕಿಬಿದ್ದ
ಉಮಾಜಿ ಕರೀಸಾ
ಭೂಗೋಳ ಶಿಕ್ಷಕಿ, ಮ್ವೆಂಬೇನಿ