ತೇಲಿ ಬಂದ ಕೋಲು

ತಲ್ಲೂರು
ಜನವರಿ ೧೭, ೨೦೨೬
ಶನಿವಾರ, ಸಂಜೆ ಏಳು ಗಂಟೆ

ಪ್ರೀತಿಯ ತಮ್ಮ ಜಿತುವಿಗೆ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತಾ? ಚೀಲವನ್ನು ಒಂದೇ ಹೆಗಲಿಗೆ ಹಾಕಬೇಡ. ಆ ಗಾಲ್ಫ್ ಮೈದಾನದಲ್ಲಿ ಸಾಹುಕಾರರ ಚೀಲ ಹೊತ್ತು ಹೊತ್ತು ನಿನ್ನ ಭಾವನ ಎಡ ಹೆಗಲು ಹೇಗೆ ಇಳಿದುಹೋಗಿತ್ತು ಎಂದು ನೀನೇ ನೋಡಿದ್ದೀ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯ ಮೊಣಕಾಲು ಹಾಗೆಯೇ ಇದೆ, ಬಾಯಿಯೂ ಹಾಗೆಯೇ ಇದೆ. ಭಾವ ಹೋದ ಮೇಲೆ ನಾನು ದಿನಾ ಡೈರಿಯಲ್ಲಿ ಎರಡು ಸಾಲು ಬರೆಯುತ್ತೇನೆ, ಯಾವ ಮೀನು ಬಂತು, ಯಾರು ಬಂದರು ಎಂದು. ಇವತ್ತಿನದು ಎರಡು ಸಾಲಿಗೆ ಮುಗಿಯುವುದಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ನನಗೆ ಬಾಯಿ ಬರುವುದಿಲ್ಲ. ಮಗಳು ಧನ್ಯಶ್ರೀ ಈ ಕಾಗದದ ಫೋಟೊ ತೆಗೆದು ಕಳಿಸುತ್ತಾಳೆ.

ನಾಳೆ ಬ್ರಹ್ಮಾವರದ ಗಾಲ್ಫ್ ಕಲಿಸುವ ಮೈದಾನದಲ್ಲಿ ಹುಡುಗಿಯರನ್ನು ಆರಿಸುತ್ತಾರೆ. ಆಯ್ಕೆಯಾದವರಿಗೆ ವರ್ಷವಿಡೀ ಬಿಟ್ಟಿಯಾಗಿ ಕಲಿಸುತ್ತಾರಂತೆ. ನಿನ್ನ ಸ್ನೇಹಿತನ ಹತ್ತಿರ ಇರುವ ಟೈಟಾನಿಯಂ ಕೋಲನ್ನು ಸೊಸೆ ಧನ್ಯಳಿಗೆಂದು ಕೊಳ್ಳಲಾ, ಕೊಂಡರೆ ದುಡ್ಡು ಉಳಿಯದು, ಮುಂದಿನ ತಿಂಗಳು ಭಾವನ ವರ್ಷಾಂತಿಕಕ್ಕೆ ಬರಲು ಆಗುವುದಿಲ್ಲ, ಇವತ್ತೇ ಹೇಳು ಎಂದಿದ್ದೆಯಲ್ಲ. ಮಧ್ಯಾಹ್ನದವರೆಗೂ ನಾನು ಹೂಂ ಅನ್ನುವವಳೇ ಇದ್ದೆ. ಮಗಳಿಗೆ ಕಡಿಮೆಯಾಗಬಾರದು ಎಂದು.

ಮನೆಯಲ್ಲಿ ಒಂದು ಟೈಟಾನಿಯಂ ಇದೆಯಲ್ಲ ಎಂದು ನೀನು ಕೇಳಲಿಲ್ಲ. ಕೇಳದಿದ್ದದ್ದು ಯಾಕೆಂದು ನನಗೆ ಗೊತ್ತು. ಸಾಹುಕಾರರೊಬ್ಬರು ಭಾವನಿಗೆ ಕೊಟ್ಟ ಆ ಕೋಲು ಅವರು ಹೋದ ಮೇಲೆ ಇಷ್ಟು ದಿನ ಗೋಡೆಯ ಮೇಲೇ ಇತ್ತು. ಧನ್ಯ ಕೇಳಿದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ. ಇವತ್ತು ಊಟವಾದ ಮೇಲೆ ನಾನೇ ಇಳಿಸಿ ಕೊಟ್ಟೆ. ಹೊಳೆದಂಡೆಯ ಕೊಯ್ಲಾದ ಗದ್ದೆಗೆ ಹೋದೆವು, ಅತ್ತೆಯೂ ಊರುಗೋಲು ಹಿಡಿದು ಬಂದರು. ಧನ್ಯ ಕಾಲು ಅಗಲಿಸಿ ನಿಂತು ಬೀಸಿದಳು ನೋಡು! ಚೆಂಡು ಇದ್ದಲ್ಲೇ ಇತ್ತು. ಕೋಲು ಕೈಯಿಂದ ಜಾರಿ, ಗಿರಗಿರ ತಿರುಗುತ್ತಾ ಹೋಗಿ ಹೊಳೆಗೆ ಬಿತ್ತು.

ಯಾಕೆ ಗೊತ್ತಾ? ಅತ್ತೆ ಪ್ರತಿ ಶನಿವಾರ ಮನೆಯ ಮೀನು ಕತ್ತಿ, ಹಾರೆ, ಬಾಗಿಲ ಚಿಲಕ ಎಲ್ಲದಕ್ಕೂ ತೆಂಗಿನೆಣ್ಣೆ ಉಜ್ಜುತ್ತಾರಲ್ಲ, ಈ ಕೋಲಿಗೂ ತುದಿಯಿಂದ ಹಿಡಿಯವರೆಗೆ ಉಜ್ಜಿಟ್ಟಿದ್ದರು! "ಉಪ್ಪ್ ಗಾಳಿಗೆ ಕಬ್ಣ ಹಾಂಗೇ ಬಿಟ್ರೆ ತುಕ್ಕ್ ಹಿಡಿತ್ತ್ ಅಲ್ದಾ?" ಎಂದು ನನ್ನನ್ನೇ ಕೇಳಿದರು. "ಅಜ್ಜಿ, ಅದ್ ಕಬ್ಣವೇ ಅಲ್ದೇ!" ಎಂದು ಧನ್ಯ ಅಳುತ್ತಾ ನೀರಿಗೆ ಇಳಿದಳು. ನಿನ್ನ ಭಾವನದೆಂದು ಉಳಿದದ್ದೂ ಹೋಯಿತು ಎಂದುಕೊಂಡೆ, ಜಿತು.

ಆದರೆ ಅದು ಮುಳುಗಲೇ ಇಲ್ಲ! ಆ ದಪ್ಪ ತಲೆ ಒಳಗೆ ಟೊಳ್ಳು ಎಂದು ನೀನೇ ಹೇಳಿದ್ದೆಯಲ್ಲ, ಕೋಲು ಕೆಳಗಾಗಿ, ತಲೆ ಮೇಲಾಗಿ, ಇಳಿತದ ನೀರಿನಲ್ಲಿ ಹಾಯಾಗಿ ಹೊರಟಿತ್ತು. ಕೆಳಗೆ ದೋಣಿಯಲ್ಲಿ ಬಲೆ ಬೀಸುತ್ತಿದ್ದ ಗುಡ್ಡಣ್ಣ ಎತ್ತಿ ಹಿಡಿದು ಕೂಗಿದ: "ಹ್ವಾಯ್! ನಾನ್ ಬಲಿ ತೇಲ್ಸು ಬೆಂಡ್ ಅಂದೇಳಿ ಹಿಡ್ದೆ, ಕಂಡ್ರೆ ಇದಕ್ಕೆ ಬಾಲ ಇತ್ತ್ ಮಾರಾಯ್ರೆ!" ನಾನು ಗದ್ದೆಯಲ್ಲಿ ಕೂತು ನಕ್ಕೆ. ತಡೆಯಲು ಆಗಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

ಎಣ್ಣೆ ಕುಡಿದ ಹಿಡಿಯನ್ನು ಸೋಪಿನಲ್ಲಿ ತೊಳೆದರೂ ಜಿಡ್ಡು ಬಿಡಲಿಲ್ಲ. ಬಲೆ ಹೆಣೆಯುವ ಮೈದುನ ಕುಷ್ಟ ಬಂದು ನೀಲಿ ಬಲೆಹುರಿಯನ್ನು ಒತ್ತೊತ್ತಾಗಿ, ಒಂದೇ ಪದರವಾಗಿ ಸುತ್ತಿಕೊಟ್ಟ. "ಅತ್ಗಿ, ಇನ್ ಇದ್ ಹಾರುದಾರೆ ನಿಮ್ ಮಗ್ಳೂ ಒಟ್ಟಿಗೇ ಹಾರ್ಕ್" ಎಂದ. ಧನ್ಯ ಮತ್ತೆ ನಿಂತು ಹೊಡೆದಳು. ಟಣ್! ಆ ಸಪ್ಪಳ! ಊರಿಗೆ ತಂದ ದಿನ ಅಂಗಳದಲ್ಲಿ ಒಮ್ಮೆ ಹೊಡೆದು ಭಾವ, "ಸರೋಜಾ, ಕೇಣ್, ಇದ್ ಶ್ರೀಮಂತ್ರ್ ಸಪ್ಪಳ" ಎಂದಿದ್ದರು. ಚೆಂಡು ಹೊಳೆ ದಾಟಿ ಆಚೆ ದಡದ ಕೆಸರಲ್ಲಿ ಬೆಳೆದ ಕಾಂಡ್ಲ ಗಿಡದೊಳಗೆ ಹೋಯಿತು. ಮುಂದಿನದು ಅಂಚಿಗೆ ತಾಗಿದರೂ ನೇರವೇ ಹೋಯಿತು. ಟೈಟಾನಿಯಮ್ಮಿಗೆ ಜನ ಯಾಕೆ ಸಾಯುತ್ತಾರೆ ಎಂದು ಇವತ್ತು ಅರ್ಥವಾಯಿತು. ತಲೆ ದೊಡ್ಡದು, ಭಾರವಿಲ್ಲ, ತಪ್ಪಿ ತಾಗಿದರೂ ಕ್ಷಮಿಸುತ್ತದೆ.

ಆಮೇಲೆ ಬೈಂದೂರಿನ ಪ್ರವೀಣನ ಕೈಯಲ್ಲಿ ನೀನು ಕಳಿಸಿದ್ದ ಹಳೆಯ ಸ್ಟೀಲಿನ ಕೋಲು ಹಿಡಿದಳು. ಅದರ ತಲೆ ಸಣ್ಣದು, ನಡುವಿಗೇ ತಾಗಬೇಕು. ಎರಡು ಸಲ ತಪ್ಪಿತು. ಮೂರನೆಯದು ಹೋಗಿ ಅದೇ ಕಾಂಡ್ಲದೊಳಗೆ ಬಿತ್ತು! ಬ್ರಹ್ಮಾವರದಲ್ಲಿ ಗಾಲ್ಫ್ ಕಲಿಸುವ ಶರ್ಮಿಳಾ ಟೀಚರ್ ಹೋದ ವಾರ ಹೇಳಿದ್ದೂ ಅದೇ. ಕಲಿಯುವ ಮಕ್ಕಳಿಗೆ ಹಳೆಯ ಸ್ಟೀಲಿನದು ಸಾಕು, ಎತ್ತರಕ್ಕೆ ಸರಿಯಾಗಿ ಉದ್ದ ಕತ್ತರಿಸಿಕೊಂಡರಾಯಿತು, ನಿಲ್ಲುವುದನ್ನು ಮಾತ್ರ ಯಾರಾದರೂ ಪಕ್ಕದಲ್ಲಿದ್ದು ತಿದ್ದಬೇಕು ಎಂದು.

ಬಿಸಿಲಿಗೆ ಟೊಪ್ಪಿ ಹಾಕು, ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಬೆನ್ನು ಗಟ್ಟಿಯಾಗಿ ಇಟ್ಟಿರಲಿ. ಅತ್ತೆ ನಿನ್ನ ಕ್ಷೇಮ ಕೇಳಿದೆ ಎಂದು ಬರೆ ಎಂದರು, ಎಣ್ಣೆಯ ವಿಷಯ ಬರೆಯಬೇಡ ಎಂದೂ ಹೇಳಿದರು.

ಇಂತಿ ನಿನ್ನ ಅಕ್ಕ,
ಸರೋಜ

ಮುಖ್ಯವಾದದ್ದೇ ಬಿಟ್ಟುಹೋಯಿತು: ಕುಷ್ಟ ಹಿಡಿಯ ಹಳೆಯ ರಬ್ಬರನ್ನು ಕೊಯ್ದು ಬಿಸಾಡುತ್ತೇನೆ ಎಂದ. ನಾನು ಬಿಡಲಿಲ್ಲ. ನಿನ್ನ ಭಾವನ ಹೆಬ್ಬೆರಳು ಸವೆಸಿದ ಗುಳಿ ಅದರಲ್ಲಿದೆ. ಅದರ ಮೇಲೆಯೇ ಹುರಿ ಸುತ್ತಿಸಿದೆ. ಮುಟ್ಟಿದರೆ ಈಗಲೂ ತಿಳಿಯುತ್ತದೆ, ಧನ್ಯಳ ಬೆರಳು ಅಲ್ಲೇ ಹೋಗಿ ಕೂರುತ್ತದೆ. ಅವಳಿಗೆ ಹೇಳಿಲ್ಲ. ಫೋಟೊ ತೆಗೆಯುವಾಗ ಓದುತ್ತಾಳೆ, ಓದಲಿ. ನಿನ್ನ ಸ್ನೇಹಿತನ ಆ ಕೋಲು ಕೊಳ್ಳಬೇಡ ಜಿತು. ವರ್ಷಾಂತಿಕಕ್ಕೆ ನೀನೇ ಬಾ, ನಾಲ್ಕು ದಿನ ಇದ್ದು ಅವಳು ನಿಲ್ಲುವುದನ್ನು ನೋಡು. ಎರಡೂ ಕೋಲನ್ನು ಭಾವನ ಲುಂಗಿಯಲ್ಲಿ ಸುತ್ತಿಟ್ಟಿದ್ದೇನೆ. ನಾಳೆ ಬ್ರಹ್ಮಾವರಕ್ಕೆ ನಮ್ಮ ಬಸ್ಸು ಏಳು ಗಂಟೆಗೆ.