ಪುಂಡಿನಾರಿನ ಕರಗುಹಾಳೆ

ಶಕೆ ೨೧೦೯, ಹದಿಮೂರನೇ ತಿಂಗಳ ಬಿಸಿಲುಹುಣ್ಣಿಮೆ

ನನ್ನ ಮರಿಮೊಮ್ಮಕ್ಕಳ ಮೊಮ್ಮಗಳಿಗೆ ಫಕೀರವ್ವ ಬರೆಯುವುದು.

ನಿನ್ನ ಕಾಲದ ಮಾತು ನನಗೆ ಗೊತ್ತಿಲ್ಲ. ನನ್ನದು ಒರಟೆನಿಸಿದರೆ ಕ್ಷಮಿಸು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಪುಂಡಿ ಗಿಡದ ನಾರಿನ ಹಗ್ಗ ಹೊಸೆದು ಬದುಕಿದವಳು ನಾನು. ಮಳೆ ತಡವಾದ ವರ್ಷಕ್ಕೆ ನಾವೊಂದು ತಿಂಗಳು ಹೆಚ್ಚು ಸೇರಿಸುತ್ತೇವೆ, ತಾರೀಖು ನೋಡಿ ಬೆರಗಾಗಬೇಡ.

ನನ್ನ ಮೊಮ್ಮಗಳು ನೀಲಾಂಬಿಕೆ ಕರಗುಹಾಳೆ ಮಾಡಿದ್ದಾಳೆ. ಮೆಕ್ಕೆಜೋಳದ ಹಿಟ್ಟಿನ ಪ್ಲಾಸ್ಟಿಕ್ ಅದು. ಬರೀ ಹಿಟ್ಟಿನದಾದರೆ ಬೇಗ ಹರಿಯುತ್ತದೆಂದು ಅದಕ್ಕೆ ನವಿರು ಬೆರೆಸುತ್ತಾಳೆ. ನವಿರು ಎಂದರೆ ಪುಂಡಿನಾರನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಸೀಳಿದ್ದು. ಹಾಗೇ ಬೆರೆಸಿದರೆ ನೀರು ಕುಡಿದು ಗಂಟುಗಟ್ಟುತ್ತದಂತೆ, ಅದಕ್ಕೇ ನಾರನ್ನು ಮೊದಲು ಒಂದು ಬಗೆಯ ಹುಳಿಯಲ್ಲಿ ನೆನೆಸುತ್ತಾಳೆ. ಆಮೇಲೆ ನಾರು ನೀರನ್ನು ಮುಟ್ಟುವುದಿಲ್ಲ. ಹೊಲಕ್ಕೆ ಹಾಸಿದರೆ ತೇವ ಆರುವುದಿಲ್ಲ, ಸುಗ್ಗಿಯಾದ ಮೇಲೆ ಹಾಳೆ ತಾನೇ ಮಣ್ಣಾಗುತ್ತದೆ ಎನ್ನುತ್ತಾಳೆ.

ನನಗೆ ನಂಬಿಕೆ ಬರಲಿಲ್ಲ. ಎಣ್ಣೆ ತಿಕ್ಕಿದ ಹಗ್ಗ ನೀರು ಕುಡಿಯುವುದಿಲ್ಲ, ಅದಕ್ಕೇ ಬೇಗ ಕೊಳೆಯುವುದೂ ಇಲ್ಲ. ಇದನ್ನು ಹೇಳಿದರೆ ನಕ್ಕಳು. “ಆಯೀ, ನನ್ನ ಗುಂಡ್ಯಾಗ ಮೂರು ತಿಂಗಳಿಗೇ ಕರಗೇತಿ, ಬಂದು ನೋಡು.” ಹೋಗಿ ನೋಡಿದೆ. ಬೆಚ್ಚನೆಯ ಗುಂಡಿ, ದಿನಾ ನೀರು, ಸಗಣಿ. ಬಾಣಂತಿಗೂ ಅಷ್ಟು ಆರೈಕೆ ಇರುವುದಿಲ್ಲ. “ಇಲ್ಲಿ ಬಿಟ್ರ ನಾನೂ ಕರಗತೇನಿ ಬಿಡವ್ವಾ. ನನ್ನ ಒಣಹೊಲದಾಗ ಇದಕ್ಕ ನೀರು ಕುಡಸಾವ್ರು ಯಾರು?” ಅಂದೆ. ಅಂದಿನಿಂದ ಅವಳು ಮಾತು ಬಿಟ್ಟಿದ್ದಾಳೆ.

ಸುಮ್ಮನೆ ಹಟವಲ್ಲ ನನ್ನದು. ನನ್ನ ಅಜ್ಜಿಯ ಅಜ್ಜಿ ಸಂತೆಗೆ ಒಯ್ದಿದ್ದ ಪ್ಲಾಸ್ಟಿಕ್ ಚೀಲ ಈಗಲೂ ಹೊಲದಲ್ಲಿ ಕುಂಟೆಗೆ ಸಿಕ್ಕಿಕೊಳ್ಳುತ್ತದೆ. ಅದರ ಮೇಲೊಂದು ಹಸಿರೆಲೆಯ ಚಿತ್ರ, ಕೆಳಗೆ ‘ಮಣ್ಣಲ್ಲಿ ಕರಗುತ್ತದೆ’ ಎಂಬ ಬರಹ. ಒಂದಕ್ಷರವೂ ಮಾಸಿಲ್ಲ.

ನಾಳೆ ಊರಿನ ಹೊಲಗಳಿಗೆಲ್ಲ ಹಾಳೆ ಹಾಸುತ್ತಾರೆ. ನನ್ನ ಎರಡೆಕರೆಗೆ ನಾನು ಬಿಡಲಿಲ್ಲ. ಒಂದು ತುಂಡು ಮಾತ್ರ ಕೇಳಿದೆ. ನೀಲಾ ಕಟ್ಟೆಯ ಮೇಲಿಟ್ಟು ಹೋದಳು. ಅದರ ಮೇಲೆಯೇ ದಬ್ಬಣದಿಂದ ಇದನ್ನು ಗೀಚುತ್ತಿದ್ದೇನೆ. ಬದುವಿನ ಬನ್ನಿಮರದ ಬುಡದಲ್ಲಿ, ಒಣಮಣ್ಣಿನಲ್ಲೇ ಹೂಳುತ್ತೇನೆ.

ಇದನ್ನು ನೀನು ಓದುತ್ತಿದ್ದರೆ ಹಾಳೆ ಕರಗಿಲ್ಲ. ಅಜ್ಜಿಯ ಕಾಗದವೆಂದು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ಊರವರನ್ನು ಕರೆದು ಎಲ್ಲ ಹೊಲಗಳಿಂದಲೂ ಕಿತ್ತು ತೆಗೆಸು. ಅಲ್ಲಿಯವರೆಗೆ ಬಿತ್ತಲು ನನ್ನ ಎರಡೆಕರೆ ಇದೆ. ನೀಲಾಳನ್ನು ಬೈಯಬೇಡ. ಅವಳು ಸುಳ್ಳು ಹೇಳಿದವಳಲ್ಲ, ತನ್ನ ಗುಂಡಿಯನ್ನು ನಂಬಿದವಳು.

ಕಾಗದ ಬರೆದವರೆಲ್ಲ ಅದು ಮುಟ್ಟಲಿ ಎಂದು ಬೇಡಿಕೊಳ್ಳುತ್ತಾರೆ. ಇದು ಮಾತ್ರ ಯಾರ ಕೈಗೂ ಸಿಗದಿರಲಿ.

ಮೊಮ್ಮಗಳ ಮುಂದೆ ಸೋಲಲು ಕಾದಿರುವ,
ಫಕೀರವ್ವ