ಅಜ್ಜನಿಗೊಂದು ಎಲೆ

ಸೋಮನೂರು
೨೫ ಜುಲೈ ೨೦೨೫

ಪ್ರೀತಿಯ ಜಾನಕಿ ಅಕ್ಕನಿಗೆ,

ನಿನ್ನ ಮೊಣಕಾಲು ನೋವು ಹೇಗಿದೆ? ನಂಜನಗೂಡಿನಲ್ಲಿ ಮಳೆಯಂತೆ, ಬರಿಗಾಲಲ್ಲಿ ಓಡಾಡಬೇಡ. ನನಗೂ ಸಾಕಾಗಿದೆ. ಅಜ್ಜನ ದಾಖಲೆಗಾಗಿ ಆರು ಸಲ ತಾಲೂಕು ಕಚೇರಿಯ ಮೆಟ್ಟಿಲು ಹತ್ತಿಳಿದು ಸೊಂಟ ಹಿಡಿದುಕೊಂಡಿದೆ.

ಅಜ್ಜನ ಕಥೆಯನ್ನು ನಮಗೆ ಮೊದಲು ಹೇಳಿದವಳು ಕಮಲಾಕ್ಷಮ್ಮಜ್ಜಿ, ೧೯೬೭ರ ಆಡಿ ಅಮಾವಾಸ್ಯೆಯ ದಿನ. ನಿನಗಾಗ ಒಂಬತ್ತು, ನನಗೆ ಆರು. ಸತ್ತ ಹಿರಿಯರಿಗೆ ಎಡೆ ಇಡುವಾಗ ನೀನು ಮೂಲೆಯಲ್ಲಿ ಗುಟ್ಟಾಗಿ ಅಜ್ಜನಿಗೂ ಒಂದು ಎಲೆ ಹಾಕಿದ್ದೆ. ಅಜ್ಜಿ ಅದನ್ನು ಕಿತ್ತು ದನಕ್ಕೆ ಎಸೆದಳು. "ಓಡಿಹೋದವನಿಗೆ ಎಲೆಯೊಂದು ಕೇಡು!" ಆಮೇಲೆ ಹೇಳಿದಳು: ಅಜ್ಜ ಕಂದಸಾಮಿ ೧೯೨೪ರಲ್ಲಿ ಹೊಲದ ಹತ್ತಿ ಹೇರಿಕೊಂಡು ಕೊಯಮತ್ತೂರಿಗೆ ಹೋದ. ನಾಲ್ಕನೇ ದಿನ ಎತ್ತುಗಳು ಬರಿಗಾಡಿ ಎಳೆದುಕೊಂಡು ತಾವೇ ಮನೆಗೆ ಬಂದವು. ಹತ್ತಿ ಮಾರಿ ಸಿಲೋನಿಗೆ ಓಡಿದ ಎಂದಿತು ಊರು. ಅಜ್ಜಿ ಹೊಲ ಬಿಟ್ಟು ಮಗ್ಗ ಹಿಡಿದಳು.

ನಾನು ಕಣ್ಣು ಮುಚ್ಚುವುದರೊಳಗೆ ಅವನು ಎಲ್ಲಿ ಹೋದನೆಂದು ತಿಳಿಯಬೇಕೆನಿಸಿತು. ಕಚೇರಿಯ ಗುಮಾಸ್ತ ಮೈಲ್‌ಸಾಮಿ ಪ್ರತಿ ಸಲವೂ, "ಏನ್ ಸಾಮಿ, ತಾತ ಇನ್ನೂ ಸಿಗಲಿಲ್ಲವಾ? ಟೀ ಕುಡಿಯೋಣ ವಾಂಗೋ, ಬನ್ನಿ" ಎನ್ನುವನು. ಹಳೆಯ ಜಮೀನು ದಾಖಲೆಯಲ್ಲಿ ಅಜ್ಜನ ಹೆಸರಿತ್ತು, ಆಳು ಇರಲಿಲ್ಲ. ಕೊನೆಗೆ ಕೊಯಮತ್ತೂರಿನ ದಾರಿಯಲ್ಲಿರುವ ಸಿಂಗಾನಲ್ಲೂರಿನ ೧೯೨೪ರ ಮರಣದ ಪುಸ್ತಕ ತೆಗೆಸಿದೆ. ಹುಳು ತಿಂದ ಹಾಳೆ. ಮೊಮ್ಮಗಳು ನಿತ್ಯಾ ಓದಿದಳು: ಕಂದಸಾಮಿ, ಸೋಮನೂರು, ಬೇಸಾಯ, ವಯಸ್ಸು ಇಪ್ಪತ್ತಾರು, ವಾಂತಿಭೇದಿ. "ತಾತಾ, ಅವರು ಓಡಿಹೋಗಲೇ ಇಲ್ಲ, ಪಾವಂ, ಪಾಪ. ಆ ವಾರವೇ ಸತ್ತಿದ್ದಾರೆ."

ಮೊನ್ನೆ, ಅಮಾವಾಸ್ಯೆಯ ಹಿಂದಿನ ಸಂಜೆ, ಮನೆಯವರಿಗೆಲ್ಲ ಹೇಳಿದೆ. ಸೊಸೆ ಲಕ್ಷ್ಮೀಪ್ರಿಯಾ, "ಅಜ್ಜಿ ಸಾಯುವವರೆಗೂ ಕುಂಕುಮ ಇಟ್ಟುಕೊಂಡಿದ್ದರಲ್ಲವಾ ಮಾವಾ?" ಎಂದಳು. ಆಗ ಹೊಳೆಯಿತು ಅಕ್ಕಾ. ಎಲೆ ಹಾಕಿದರೆ ಅವನು ಸತ್ತನೆಂದು ಒಪ್ಪಿಕೊಂಡ ಹಾಗೆ. ಬಾಯಲ್ಲಿ ಬೈಯುತ್ತಲೇ ಅವಳು ಕಾಯುತ್ತಿದ್ದಳೇನೋ.

ನಿನ್ನೆ ಬೆಳಿಗ್ಗೆ ಮಗ ತಾನಾಗಿಯೇ ಮಗ್ಗ ನಿಲ್ಲಿಸಿದ. ನಿತ್ಯಾ ಒಂದು ಎಲೆ ಹೆಚ್ಚಿಗೆ ಕೊಯ್ದು ತಂದು ಅಜ್ಜಿಯ ಎಲೆಯ ಪಕ್ಕ ಹಾಕಿದಳು. ಅಜ್ಜನಿಗೆ ಏನು ಇಷ್ಟವಿತ್ತೋ ಯಾರಿಗೂ ಗೊತ್ತಿಲ್ಲ. ಸೊಸೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿದಳು.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ತಮ್ಮ,
ಕೃಷ್ಣಮೂರ್ತಿ

ಮರೆತಿದ್ದೆ: ನೀನು ಎಲೆ ಹಾಕಿದ್ದನ್ನು ಅಜ್ಜಿಗೆ ಚಾಡಿ ಹೇಳಿದ್ದು ನೀನಂದುಕೊಂಡಂತೆ ನಮ್ಮ ಅತ್ತೆಯಲ್ಲ, ನಾನು. ಒಂದು ಉಂಡೆ ಬೆಲ್ಲದಾಸೆಗೆ. ಪಾಪ, ನೀನು ಐವತ್ತೆಂಟು ವರ್ಷ ಅತ್ತೆಯನ್ನು ಬೈದೆ, ಅವತ್ತಿನಿಂದ ಎಡೆಗೆ ಕೈಯನ್ನೂ ಹಚ್ಚಲಿಲ್ಲ. ಇನ್ನು ನನ್ನನ್ನೇ ಬೈ. ಬರುವ ವರ್ಷ ಅಜ್ಜನ ಎಲೆ ನೀನೇ ಬಂದು ಹಾಕು.